ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಅನುಭವಸ್ಥರ ಜೊತೆ ಚೇತರಿಸಿಕೊಳ್ಳುವ ದಾರಿಗಳಲ್ಲಿ ಯಾವುದು ಯಾರಿಗೆ?

ಡಿಸ್ಚಾರ್ಜ್ ಆದ ದಿನ ನನ್ನ ಕೈಗೆ ಬಂದದ್ದು ಬಿಲ್ಲು, ಮಾತ್ರೆ ಚೀಟಿ, ಮುಂದಿನ ತಪಾಸಣೆಯ ತಾರೀಕು. ತಾರೀಕು ನಾಲ್ಕು ವಾರದ ಆಚೆಯದು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ನಾನೊಬ್ಬಳೇ ಅಡುಗೆಮನೆಯಲ್ಲಿ ಕೂತಿದ್ದೆ. ಗಂಟೆ ಹನ್ನೊಂದು. ಮಾತ್ರೆ ನುಂಗೋದಕ್ಕೆ ಎರಡು ನಿಮಿಷ ಸಾಕು. ಉಳಿದ ಹೊತ್ತಿಗೆ ಯಾರೂ ಏನನ್ನೂ ಬರೆದುಕೊಟ್ಟಿರಲಿಲ್ಲ.

ಅದು ನನ್ನ ಎರಡನೇ ಅಡ್ಮಿಷನ್. ಕಾಯಿಲೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ವಿಪರೀತ ಇಳಿಯುವಂಥದ್ದು. ಮಾತ್ರೆ ನನ್ನನ್ನು ಎತ್ತಿ ನಿಲ್ಲಿಸಿದೆ, ಅದರಲ್ಲಿ ಎರಡು ಮಾತಿಲ್ಲ, ಇವತ್ತಿಗೂ ನುಂಗುತ್ತೇನೆ. ಆದರೆ ನಿಂತ ಮೇಲೆ ನಡೆಯುವುದನ್ನು ಕಲಿತದ್ದು ಇದೇ ಕಾಯಿಲೆಯನ್ನು ನನಗಿಂತ ಮೊದಲು ಕಂಡವರಿಂದ. ಇಂಥವರನ್ನು ಇಂಗ್ಲಿಷಿನಲ್ಲಿ ‘ಪೀರ್’ ಅನ್ನುತ್ತಾರೆ. ಸರ್ಕಾರಿ ಕನ್ನಡದಲ್ಲಿ ‘ಸಹವರ್ತಿ’ ಅಂತ ನೋಡಿದ್ದೇನೆ. ನನಗೆ ‘ಅನುಭವಸ್ಥರು’ ಅನ್ನುವ ನಮ್ಮ ಹಳೆಯ ಮಾತೇ ಸರಿ ಅನ್ನಿಸುತ್ತದೆ. ಬಾಣಂತನಕ್ಕೆ, ಬೋರ್‌ವೆಲ್‌ಗೆ, ಕೋರ್ಟು ಕಚೇರಿಗೆ ನಾವು ಅನುಭವಸ್ಥರನ್ನು ಹುಡುಕಿಕೊಂಡು ಹೋಗುತ್ತೇವೆ. ಮನಸ್ಸಿನ ಕಾಯಿಲೆಗೆ ಮಾತ್ರ ಹೋಗುವುದಿಲ್ಲ, ಏಕೆಂದರೆ ಅವರು ಯಾರು ಅಂತ ಗೊತ್ತಾಗುವುದೇ ಇಲ್ಲ. ಎಲ್ಲರೂ ಮುಚ್ಚಿಟ್ಟಿರುತ್ತಾರೆ.

ಅನುಭವಸ್ಥರೇ ಮುಂದೆ ನಿಂತು ನಡೆಸುವ ಕಾರ್ಯಕ್ರಮಗಳು ಜಗತ್ತಿನಲ್ಲಿ ಹಲವಿವೆ, ಅವುಗಳ ಮೇಲೆ ಗಟ್ಟಿ ಸಂಶೋಧನೆಯೂ ನಡೆದಿದೆ. ಒಂದೊಂದೂ ಒಂದೊಂದು ಬಗೆ. ಒಂದು ಆಗಿಬರದಿದ್ದರೆ ಇನ್ನೊಂದು ಆಗಿಬರಬಹುದು. ಹೊಸದಾಗಿ ಈ ದಾರಿಗೆ ಬಂದವರಿಗೆ, ಅವರ ಮನೆಯವರಿಗೆ, ಯಾವುದನ್ನು ಯಾವಾಗ ಹಿಡಿಯಬಹುದು ಅಂತ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ಚೇತರಿಕೆ’ ಅನ್ನುವ ಪದ. ಡಾಕ್ಟರ ಕೋಣೆಯಲ್ಲಿ ಅದಕ್ಕೆ ಲಕ್ಷಣಗಳು ಹೋದವು ಅನ್ನುವ ಅರ್ಥ. ಬಾಸ್ಟನ್ ವಿಶ್ವವಿದ್ಯಾಲಯದ ವಿಲಿಯಂ ಆಂಥನಿ 1993ರಲ್ಲಿ ಬರೆದ ಲೇಖನ ಇದಕ್ಕೆ ಬೇರೆ ಅರ್ಥ ಕೊಟ್ಟಿತು: ಕಾಯಿಲೆ ತಂದ ಮಿತಿಗಳು ಉಳಿದಿದ್ದರೂ ತೃಪ್ತಿಯಿಂದ, ಭರವಸೆಯಿಂದ, ನಾಲ್ಕು ಜನಕ್ಕೆ ಬೇಕಾದವರಾಗಿ ಬದುಕುವುದು. 2011ರಲ್ಲಿ ಲಂಡನ್ನಿನ ಸಂಶೋಧಕರು ಚೇತರಿಸಿಕೊಂಡವರ ಬಗೆಗಿನ 97 ಪ್ರಬಂಧಗಳನ್ನು ಜಾಲಾಡಿ ಅವುಗಳಲ್ಲಿ ಮತ್ತೆ ಮತ್ತೆ ಬರುವ ಐದು ಸಂಗತಿಗಳನ್ನು ಹೆಕ್ಕಿದರು. ಜನರ ಒಡನಾಟ, ಭರವಸೆ, ‘ನಾನು ಯಾರು’ ಅನ್ನುವುದು ಮರಳಿ ಸಿಗುವುದು, ಬದುಕಿಗೊಂದು ಅರ್ಥ, ತನ್ನ ವಿಷಯ ತಾನೇ ತೀರ್ಮಾನಿಸುವ ಬಲ. ಮುಂದೆ ಬರುವ ಅಧ್ಯಯನಗಳಲ್ಲಿ ಎರಡು ಬೇರೆ ಬೇರೆ ಅಳತೆಗೋಲುಗಳಿವೆ. ಒಂದು, ಮತ್ತೆ ಆಸ್ಪತ್ರೆ ಸೇರಿದರೋ ಇಲ್ಲವೋ. ಇನ್ನೊಂದು, ಈ ಐದರಲ್ಲಿ ಏನಾದರೂ ಹೆಚ್ಚಿತೋ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲೇಬೇಕೆಂದಿಲ್ಲ. ಇದನ್ನು ತಿಳಿಯದೆ ಓದಿದರೆ ಸಂಶೋಧನೆಗಳೆಲ್ಲ ಒಂದಕ್ಕೊಂದು ಜಗಳವಾಡಿದಂತೆ ಕಾಣುತ್ತವೆ.

ಪುಸ್ತಕ, ಮತ್ತು ಪಕ್ಕದಲ್ಲೊಬ್ಬರು

ಆಸ್ಪತ್ರೆಯಿಂದ ಈಗಷ್ಟೇ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸೋನಿಯಾ ಜಾನ್ಸನ್ ಮತ್ತು ಅವರ ತಂಡ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಇಂಗ್ಲೆಂಡಿನಲ್ಲಿ ಕಾಯಿಲೆ ಉಲ್ಬಣಿಸಿದಾಗ ಆಸ್ಪತ್ರೆಗೆ ಸೇರಿಸದೆ ಮನೆಗೇ ಬಂದು ನೋಡಿಕೊಳ್ಳುವ ಬಿಕ್ಕಟ್ಟಿನ ತಂಡಗಳಿವೆ. ಅಂಥ ಆರು ತಂಡಗಳ ಆರೈಕೆ ಮುಗಿಸಿದ 441 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಇಬ್ಬರಿಗೂ ಕೊಟ್ಟದ್ದು ಒಂದೇ ವರ್ಕ್‌ಬುಕ್. ನನ್ನ ಗುರಿ ಏನು, ಮತ್ತೆ ಹದ ತಪ್ಪುವ ಲಕ್ಷಣ ಯಾವುದು, ಆಗ ಏನು ಮಾಡಬೇಕು ಎಂದೆಲ್ಲ ತಾವೇ ಬರೆದು ತುಂಬುವ ಪುಸ್ತಕ. ಒಂದು ಪಾಲಿನವರಿಗೆ ಅದು ಅಂಚೆಯಲ್ಲಿ ಹೋಯಿತು. ಇನ್ನೊಂದು ಪಾಲಿನವರಿಗೆ ಪುಸ್ತಕದ ಜೊತೆ ಒಬ್ಬ ಅನುಭವಸ್ಥರೂ ಬಂದರು, ಒಂದೊಂದು ಗಂಟೆಯಂತೆ ಹತ್ತು ಸಲದವರೆಗೆ.

ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಸೇರಿದವರು ಅಂಚೆಯ ಪಾಲಿನಲ್ಲಿ ನೂರಕ್ಕೆ 38. ಜೊತೆಗೆ ಒಬ್ಬರು ಕೂತಿದ್ದ ಪಾಲಿನಲ್ಲಿ ನೂರಕ್ಕೆ 29.

ಈ ಅಂಕಿ ಓದಿದಾಗ ನನಗೆ ಆ ಹನ್ನೊಂದು ಗಂಟೆಯ ಅಡುಗೆಮನೆ ನೆನಪಾಯಿತು. ನನ್ನ ಬಳಿಯೂ ಒಂದು ಪುಸ್ತಕ ಇತ್ತು, ಯಾರೋ ಪ್ರೀತಿಯಿಂದ ಕೊಟ್ಟದ್ದು. ಮೂರು ಪುಟ ತುಂಬಿಸಿ ಬೀರುವಿನಲ್ಲಿಟ್ಟಿದ್ದೆ. ‘ನಿಮ್ಮ ಶಕ್ತಿಗಳನ್ನು ಪಟ್ಟಿ ಮಾಡಿ’ ಅಂತ ಅದರಲ್ಲಿ ಕೇಳಿದ್ದರು. ಆಸ್ಪತ್ರೆಯಿಂದ ಬಂದ ವಾರದಲ್ಲಿ ಆ ಪ್ರಶ್ನೆ ಒಬ್ಬಳೇ ಕೂತು ಉತ್ತರಿಸುವಂಥದ್ದಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಅಧ್ಯಯನವನ್ನು ಇಟ್ಟು ನೋಡಬೇಕು. ಅದೂ ಇಂಗ್ಲೆಂಡಿನದೇ, 2022ರದು, ‘ಎನ್‌ರಿಚ್’ ಅಂತ ಹೆಸರು. ಮನೋವೈದ್ಯಕೀಯ ವಾರ್ಡಿನಿಂದ ಬಿಡುಗಡೆ ಆಗುವ 590 ಜನ. ಅರ್ಧದಷ್ಟು ಮಂದಿಗೆ ವಾರ್ಡಿನಲ್ಲಿದ್ದಾಗಿನಿಂದಲೇ ಒಬ್ಬ ಅನುಭವಸ್ಥರ ಬೆಂಬಲ ಸಿಕ್ಕಿತು, ಮನೆಗೆ ಹೋದ ಮೇಲೂ ಕೆಲವು ತಿಂಗಳು ಮುಂದುವರಿಯಿತು. ವರ್ಷದೊಳಗೆ ಮತ್ತೆ ಅಡ್ಮಿಟ್ ಆದವರು ಆ ಗುಂಪಿನಲ್ಲೂ ಅರ್ಧ, ಈ ಗುಂಪಿನಲ್ಲೂ ಅರ್ಧ. ವ್ಯತ್ಯಾಸವೇ ಕಾಣಲಿಲ್ಲ.

ಎರಡನ್ನೂ ಓದಿ ನಾನು ತೆಗೆದುಕೊಂಡ ಅರ್ಥ ಹೀಗಿದೆ. ಇದು ನನ್ನ ಓದು, ಸಂಶೋಧಕರ ತೀರ್ಪಲ್ಲ. ಎನ್‌ರಿಚ್‌ನಲ್ಲಿದ್ದವರು ಈ ಹಿಂದೆಯೂ ವಾರ್ಡು ಕಂಡವರು, ಕಾಯಿಲೆಯ ಪೆಟ್ಟು ಜೋರಾಗಿ ತಿಂದವರು. ಜೊತೆಗೆ ಅಲ್ಲಿ ಕೇಂದ್ರದಲ್ಲಿದ್ದದ್ದು ಸಂಬಂಧ, ಒಡನಾಟ. ಲಂಡನ್ನಿನ ಅಧ್ಯಯನದಲ್ಲಿ ಇಬ್ಬರ ನಡುವೆ ಒಂದು ಪುಸ್ತಕ ಇತ್ತು, ಮಾಡಿ ಮುಗಿಸಬೇಕಾದ ಕೆಲಸ ಇತ್ತು. ಆದ್ದರಿಂದ ಯಾರಾದರೂ ‘ನಿಮ್ಮ ಜೊತೆ ಮಾತಾಡಲು ಒಬ್ಬರನ್ನು ಕೊಡುತ್ತೇವೆ’ ಅಂದರೆ ಸಂತೋಷ, ಆದರೆ ಆ ಭೇಟಿಗಳಲ್ಲಿ ಏನು ಮಾಡುತ್ತೇವೆ ಅಂತಲೂ ಕೇಳಿ. ಇಬ್ಬರೂ ಸೇರಿ ಏನಾದರೂ ಬರೆಯುವುದಿದ್ದರೆ ಒಳ್ಳೆಯದು.

ಈ ದಾರಿಯ ಕಷ್ಟವೂ ಇದೆ. ಹತ್ತು ಭೇಟಿ ಮುಗಿದ ಮೇಲೆ ಆ ವ್ಯಕ್ತಿ ಬರುವುದು ನಿಲ್ಲುತ್ತದೆ. ಎಲ್ಲರೆದುರು ಬಾಯಿ ಬಿಡಲು ಆಗದವರಿಗೆ ಒಬ್ಬರೇ ಇರುವುದು ವರ, ಆದರೆ ಆ ಒಬ್ಬರ ಜೊತೆ ಹೊಂದದಿದ್ದರೆ ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಹಾಗಲ್ಲ, ಅವರಲ್ಲದಿದ್ದರೆ ಇವರು.

ಗುಂಪಿನಲ್ಲಿ ಕೂತು ತನ್ನ ಯೋಜನೆ ತಾನು ಬರೆಯುವುದು

ಇಂಗ್ಲಿಷಿನಲ್ಲಿ ‘ವೆಲ್‌ನೆಸ್ ರಿಕವರಿ ಆ್ಯಕ್ಷನ್ ಪ್ಲಾನ್’, ಚಿಕ್ಕದಾಗಿ ‘ರಾಪ್’. 1997ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮೇರಿ ಎಲೆನ್ ಕೋಪ್‌ಲ್ಯಾಂಡ್ ಮತ್ತು ಕಾಯಿಲೆ ಅನುಭವಿಸಿದ ಇನ್ನಷ್ಟು ಜನ ಸೇರಿ ಕಟ್ಟಿದ್ದು. ಡಾಕ್ಟರು ಬರೆದದ್ದಲ್ಲ ಅನ್ನುವುದೇ ಇದರ ಹುಟ್ಟಿನ ವಿಶೇಷ. ನನಗೆ ಎಲ್ಲಕ್ಕಿಂತ ಹತ್ತಿರವಾದ ದಾರಿ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯೋಜನೆಗೆ ಭಾಗಗಳಿವೆ. ಮೊದಲಿಗೆ ನನಗೆ ಹಿತ ಕೊಡುವ ಸಂಗತಿಗಳ ಒಂದು ಪೆಟ್ಟಿಗೆ. ಆಮೇಲೆ ದಿನಾ ಮಾಡಲೇಬೇಕಾದವು. ನಂತರ ನನ್ನನ್ನು ಕೆಣಕುವ ಸಂಗತಿಗಳು, ಅವು ಎದುರಾದಾಗ ಏನು ಮಾಡುತ್ತೇನೆ. ಅದಾದ ಮೇಲೆ ಮುನ್ಸೂಚನೆಗಳು, ಅಂದರೆ ಹೊರಗೆ ಯಾರಿಗೂ ಕಾಣದ, ನನಗಷ್ಟೇ ಗೊತ್ತಾಗುವ ಸಣ್ಣ ಬದಲಾವಣೆಗಳು. ಹದ ತಪ್ಪುತ್ತಿರುವಾಗಿನ ಪುಟ ಬೇರೆ. ಪೂರ್ತಿ ಕೈಮೀರಿದಾಗ ನನ್ನ ಪರವಾಗಿ ಯಾರು ಏನು ಮಾಡಬೇಕು ಅನ್ನುವ ಬಿಕ್ಕಟ್ಟಿನ ಪುಟ ಬೇರೆ. ಕೊನೆಗೆ, ಬಿಕ್ಕಟ್ಟು ಕಳೆದು ಮತ್ತೆ ಎದ್ದು ಬರುವಾಗಿನ ಪುಟ.

ಇದನ್ನು ಮನೆಯಲ್ಲೇ ಕೂತು ಬರೆಯಬಹುದಲ್ಲ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮುನ್ಸೂಚನೆಯ ಪುಟದಲ್ಲಿ ‘ನಿದ್ದೆ ಕಡಿಮೆ ಆಗುತ್ತದೆ’ ಅಂತ ಬರೆದು ಮುಗಿಸಿದ್ದೆ. ಅದು ಎಲ್ಲ ಕರಪತ್ರಗಳಲ್ಲೂ ಇರುವ ಮಾತು. ಈ ಮಾದರಿಯನ್ನು ಅನುಸರಿಸಿ ನಾವು ಏಳೆಂಟು ಜನ ಕಟ್ಟಿಕೊಂಡಿದ್ದ ಗುಂಪಿನಲ್ಲಿ ಹಿರಿಯರೊಬ್ಬರಿದ್ದರು. ಅವರು ನನ್ನ ಪುಟ ನೋಡಿ ಕೇಳಿದರು, “ನಿದ್ದೆ ಬರದಾಗ ಏನು ಮಾಡ್ತೀಯಮ್ಮ?”

“ಏನಿಲ್ಲ ಮೇಡಂ, ಅಡುಗೆಮನೆ ಡಬ್ಬ ಇಳಿಸಿ ತೊಳೀತೀನಿ.”

“ಎಷ್ಟು ಡಬ್ಬ?”

ನಾನು ಯೋಚಿಸಿದೆ. ಎರಡನೇ ಅಡ್ಮಿಷನ್‌ಗೆ ಮುಂಚಿನ ವಾರ ಒಂದೇ ರಾತ್ರಿ ಅಟ್ಟದ ಮೇಲಿನವೂ ಸೇರಿ ಎಲ್ಲವನ್ನೂ ತೊಳೆದು, ಒರೆಸಿ, ಒಳಗಿನ ಬೇಳೆಯನ್ನು ಪೇಪರಿನ ಮೇಲೆ ಸುರಿದು, ಬೆಳಗಿನ ಜಾವ ನಾಲ್ಕಕ್ಕೆ ಹೊಸ ಲೇಬಲ್ ಅಂಟಿಸುತ್ತಿದ್ದೆ. ಆಗ ಅದು ಕಾಯಿಲೆ ಅನ್ನಿಸಿರಲಿಲ್ಲ, ಅಚ್ಚುಕಟ್ಟು ಅನ್ನಿಸಿತ್ತು. ಮನೆಗೆ ಬಂದವರು ಹೊಗಳಿದ್ದರು ಕೂಡ.

“ನಂದು ಸೀರೆ,” ಅಂದರು ಅವರು. “ಬೀರು ಖಾಲಿ ಮಾಡಿ ಮತ್ತೆ ಮಡಿಸ್ತೀನಿ. ನೀನು ಡಬ್ಬ ಅಂತಲೇ ಬರಿ.”

ಡಾಕ್ಟರು ವರ್ಷಗಟ್ಟಲೆ ‘ನಿದ್ದೆ ಹೇಗಿದೆ’ ಅಂತ ಕೇಳಿದ್ದರು, ನಾನು ‘ಪರವಾಗಿಲ್ಲ’ ಅಂದಿದ್ದೆ. ಅದರಲ್ಲಿ ಅವರ ತಪ್ಪೂ ಇಲ್ಲ, ನನ್ನ ತಪ್ಪೂ ಇಲ್ಲ. ಡಬ್ಬದ ಲೆಕ್ಕ ಕೇಳಬೇಕು ಅಂತ ಹೊಳೆಯುವುದು ಸೀರೆ ಮಡಿಸಿದವರಿಗೆ. ಈಗ ನನ್ನ ಪುಸ್ತಕದಲ್ಲಿ ಹೀಗಿದೆ: ‘ರಾತ್ರಿ ಹತ್ತರ ಮೇಲೆ ಮೂರಕ್ಕಿಂತ ಹೆಚ್ಚು ಡಬ್ಬ ಇಳಿಸಿದರೆ ಮನೆಯವರು ನನಗೆ ಹೇಳಬೇಕು. ನಾನು ರೇಗಿದರೂ ಹೇಳಬೇಕು.’

ಸಂಶೋಧನೆ ಏನನ್ನುತ್ತದೆ? ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಜ್ಯೂಡಿತ್ ಕುಕ್ ಮತ್ತು ಅವರ ತಂಡ ಒಹಾಯೋ ರಾಜ್ಯದಲ್ಲಿ ತೀವ್ರ ಮಾನಸಿಕ ಕಾಯಿಲೆಯ 519 ಜನರ ಮೇಲೆ ಇದನ್ನು ಪರೀಕ್ಷಿಸಿತು. ವಾರಕ್ಕೊಮ್ಮೆ ಎರಡೂವರೆ ಗಂಟೆ, ಎಂಟು ವಾರ. ನಡೆಸಿಕೊಟ್ಟವರು ತರಬೇತಿ ಪಡೆದ ಅನುಭವಸ್ಥರು. ಉಳಿದರ್ಧ ಜನ ಸರದಿಯಲ್ಲಿ ಕಾದರು. ಗುಂಪಿಗೆ ಹೋದವರಲ್ಲಿ ಖಿನ್ನತೆ, ಆತಂಕದಂಥ ಲಕ್ಷಣಗಳು ಹೆಚ್ಚು ಇಳಿದವು, ಭರವಸೆ ಹೆಚ್ಚಿತು, ಬದುಕಿನ ಗುಣಮಟ್ಟವೂ ಏರಿತು. ಮುಗಿದು ಆರು ತಿಂಗಳಾದ ಮೇಲೂ ಆ ವ್ಯತ್ಯಾಸ ಉಳಿದಿತ್ತು.

ಆದರೆ ‘ಸರದಿಯಲ್ಲಿ ಕಾದವರ’ ಜೊತೆ ಹೋಲಿಸಿದ ಯಾವುದೇ ಅಧ್ಯಯನವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಒಬ್ಬರು ವಾರವಾರ ಮನೆಯಿಂದ ಹೊರಟು ಹತ್ತು ಜನರ ಮುಖ ನೋಡುತ್ತಿದ್ದಾರೆ, ಇನ್ನೊಬ್ಬರು ಮನೆಯಲ್ಲೇ ಇದ್ದಾರೆ. ಗೆದ್ದದ್ದು ಯೋಜನೆಯೋ, ಹೊರಗೆ ಹೋದದ್ದೋ? ಅದೇ ತಂಡ ಮುಂದೆ 143 ಜನರ ಇನ್ನೊಂದು ಅಧ್ಯಯನ ಮಾಡಿತು. ಈ ಸಲ ಹೋಲಿಕೆಯ ಗುಂಪಿಗೆ ಆಹಾರ ಮತ್ತು ಆರೋಗ್ಯದ ಪಾಠ ನಡೆಯಿತು. ಎರಡೂ ಗುಂಪಿನವರಿಗೂ ಲಕ್ಷಣಗಳಲ್ಲಿ, ಚೇತರಿಕೆಯಲ್ಲಿ ಸುಧಾರಣೆ ಕಂಡಿತು. ರಾಪ್ ಗುಂಪಿನವರಿಗೆ ಮಾತ್ರ ಚಿಕಿತ್ಸಾ ಸೇವೆಗಳ ಅವಲಂಬನೆ ಹೆಚ್ಚು ತಗ್ಗಿತು. ನನಗೆ ಇದರಲ್ಲಿ ಸಮಾಧಾನವೇ ಕಾಣುತ್ತದೆ. ನಿಮ್ಮ ಊರಿನಲ್ಲಿ ರಾಪ್ ಇಲ್ಲದಿದ್ದರೆ, ಒಂದು ನಿಯಮಿತ ಗುಂಪು ಅಡುಗೆಯದ್ದಾಗಲಿ, ಭಜನೆಯದ್ದಾಗಲಿ, ಅದೂ ಸ್ವಲ್ಪ ಎತ್ತುತ್ತದೆ.

ಯಾರಿಗೆ ಇದು ಸಲ್ಲದು? ಈಗ ಏರುಪೇರಿನ ನಡುವೆ ಇರುವವರಿಗೆ. ಎರಡೂವರೆ ಗಂಟೆ ಕೂರುವ ತಾಳ್ಮೆ ಆಗ ಇರುವುದಿಲ್ಲ, ಇನ್ನೊಬ್ಬರ ಬಿಕ್ಕಟ್ಟಿನ ಕತೆ ಕೇಳುವ ಬಲವೂ ಇರುವುದಿಲ್ಲ. ನೀರು ತಿಳಿಯಾದ ಮೇಲೆ ಬನ್ನಿ.

ಪಾಠದ ದಾರಿ

ಮನಸ್ಸು ಬಿಚ್ಚಿ ಮಾತಾಡುವುದು ಆಗದು, ಆದರೆ ಈ ಕಾಯಿಲೆ ಏನು, ಮಾತ್ರೆ ಏನು ಮಾಡುತ್ತದೆ, ನನ್ನ ಹಕ್ಕು ಏನು ಅಂತ ತಿಳಿಯಬೇಕು ಅನ್ನುವವರಿದ್ದಾರೆ. ನಮ್ಮಲ್ಲಿ ಗಂಡಸರು ಹೆಚ್ಚಾಗಿ ಈ ಬಾಗಿಲಿನಿಂದಲೇ ಒಳಗೆ ಬರುವುದನ್ನು ನೋಡಿದ್ದೇನೆ. ‘ಗುಂಪಿಗೆ ಹೋಗುತ್ತೇನೆ’ ಅನ್ನಲು ನಾಚುವವರು ‘ಕ್ಲಾಸಿಗೆ ಹೋಗುತ್ತೇನೆ’ ಅನ್ನುತ್ತಾರೆ.

ಇದರಲ್ಲಿ ಹೆಸರಾದದ್ದು ಅಮೆರಿಕದ ಟೆನೆಸಿ ರಾಜ್ಯದ ‘ಬ್ರಿಡ್ಜಸ್’. ಇದೂ ಎಂಟು ವಾರ, ಎರಡೂವರೆ ಗಂಟೆ, ಪಾಠ ಹೇಳುವವರು ಅನುಭವಸ್ಥರೇ. 428 ಜನರ ಅಧ್ಯಯನದಲ್ಲಿ ಪಾಠಕ್ಕೆ ಹೋದವರಿಗೆ ತಾವು ಚೇತರಿಸಿಕೊಳ್ಳುತ್ತಿದ್ದೇವೆ ಅನ್ನುವ ಭಾವ, ಆತ್ಮವಿಶ್ವಾಸ, ಭರವಸೆ ಹೆಚ್ಚಾದದ್ದು ಕಂಡಿತು. ತನ್ನ ಪರವಾಗಿ ತಾನು ದನಿ ಎತ್ತುವ ಧೈರ್ಯದಲ್ಲೂ ವ್ಯತ್ಯಾಸ ಇತ್ತು. ಡಾಕ್ಟರ ಮುಂದೆ ‘ಈ ಮಾತ್ರೆಯಿಂದ ಕೈ ನಡುಗುತ್ತೆ, ಬೇರೆ ಇದೆಯಾ’ ಅಂತ ಕೇಳಲು ಬೇಕಾದದ್ದು ಅದೇ ಧೈರ್ಯ.

ಇಂಗ್ಲೆಂಡಿನಲ್ಲಿ ಇದೇ ವಿಚಾರ ‘ರಿಕವರಿ ಕಾಲೇಜ್’ ಆಗಿ ಬೆಳೆದಿದೆ. ಮೊದಲನೆಯದು 2009ರಲ್ಲಿ ನೈಋತ್ಯ ಲಂಡನ್ನಿನಲ್ಲಿ ಶುರುವಾಯಿತು. ಅಲ್ಲಿ ರೋಗಿಗಳಿಲ್ಲ, ವಿದ್ಯಾರ್ಥಿಗಳಿದ್ದಾರೆ. ಒಂದೊಂದು ಪಾಠವನ್ನೂ ವೃತ್ತಿಪರರು ಮತ್ತು ಅನುಭವಸ್ಥರು ಒಟ್ಟಿಗೆ ಕೂತು ರೂಪಿಸಿ ಒಟ್ಟಿಗೆ ಹೇಳಿಕೊಡುತ್ತಾರೆ.

ದನಿ ಕೇಳುವವರಿಗೆ

ಕಿವಿಯಲ್ಲಿ ದನಿ ಕೇಳುತ್ತದೆ, ಮಾತ್ರೆಯಿಂದ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇಂಥವರು ಬಹಳ ಮಂದಿ. ಮೇಲಿನ ಗುಂಪುಗಳಲ್ಲಿ ಅವರು ಬಾಯಿ ಬಿಡುವುದು ಕಷ್ಟ, ಏಕೆಂದರೆ ಅಲ್ಲಿಯೂ ‘ಖಿನ್ನತೆ’ ಅಂದರೆ ತಲೆಯಾಡಿಸುವವರು ‘ದನಿ’ ಅಂದ ಕೂಡಲೇ ಸುಮ್ಮನಾಗುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ 1987ರ ಹೊತ್ತಿಗೆ ಮನೋವೈದ್ಯ ಮಾರಿಯಸ್ ರೋಮ್ ಮತ್ತು ಪತ್ರಕರ್ತೆ ಸಾಂಡ್ರಾ ಎಷರ್ ಶುರು ಮಾಡಿದ ಚಳವಳಿ ಇವರಿಗಾಗಿಯೇ ಇದೆ. ರೋಮ್ ಅವರ ಬಳಿ ಬರುತ್ತಿದ್ದ, ದನಿ ಕೇಳುವ ಒಬ್ಬ ಮಹಿಳೆಯಿಂದ ಇದು ಮೊದಲಾಯಿತು. ರೋಮ್ ಮತ್ತು ಆ ಮಹಿಳೆ ದೂರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ ನೂರಾರು ಜನ ಫೋನ್ ಮಾಡಿದರು.

ಈ ಗುಂಪುಗಳ ಒಂದು ನಿಯಮ ನಮ್ಮ ಕಡೆಗೆ ವಿಶೇಷವಾಗಿ ಹೊಂದುತ್ತದೆ. ದನಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಪ್ರತಿಯೊಬ್ಬರೂ ತಮ್ಮ ವಿವರಣೆ ಇಟ್ಟುಕೊಳ್ಳಬಹುದು. ಮಿದುಳಿನ ರಾಸಾಯನಿಕ ಅನ್ನಿ, ಹಳೆಯ ಆಘಾತ ಅನ್ನಿ, ಗಾಳಿ ಸೋಕಿದ್ದು ಅನ್ನಿ, ಯಾರೂ ತಿದ್ದುವುದಿಲ್ಲ. ಅದು ಬಂದಾಗ ಹೇಗೆ ಎದುರಿಸಿದಿರಿ ಅನ್ನುವುದರ ಮೇಲೆ ಮಾತು. ಒಬ್ಬರು ರೇಡಿಯೋ ಹಚ್ಚುತ್ತಾರೆ, ಒಬ್ಬರು ‘ಸಂಜೆ ಆರಕ್ಕೆ ಬಾ, ಈಗ ಕೆಲಸ ಇದೆ’ ಅಂತ ದನಿಗೇ ಹೊತ್ತು ಗೊತ್ತು ಮಾಡುತ್ತಾರೆ. ಸಂಶೋಧನೆಯ ಲೆಕ್ಕದಲ್ಲಿ ಇದು ರಾಪ್‌ನಷ್ಟು ಗಟ್ಟಿಯಲ್ಲ, ಚೀಟಿ ಎತ್ತಿ ಮಾಡಿದ ದೊಡ್ಡ ಅಧ್ಯಯನಗಳು ಇದಕ್ಕೆ ಕಡಿಮೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಸಮುದಾಯ ಮಾನಸಿಕ ಆರೋಗ್ಯ ಮಾರ್ಗದರ್ಶಿಯಲ್ಲಿ ಒಳ್ಳೆಯ ಸೇವೆಗಳ ಉದಾಹರಣೆಯಾಗಿ ಇದನ್ನು ಸೇರಿಸಿದೆ. ದನಿಗಳು ‘ಸಾಯಿ’, ‘ಹೊಡಿ’ ಎಂದು ಅಪ್ಪಣೆ ಮಾಡುತ್ತಿದ್ದರೆ ಮಾತ್ರ ಗುಂಪಿಗೆ ಕಾಯಬೇಡಿ, ಆಗ ಡಾಕ್ಟರೇ ಮೊದಲು.

ಕುಡಿತ, ಸಕ್ಕರೆ ಕಾಯಿಲೆ

ಮನಸ್ಸಿನ ಕಾಯಿಲೆಯ ಜೊತೆ ಕುಡಿತವೂ ಸೇರಿದ್ದರೆ ನಮ್ಮ ರಾಜ್ಯದಲ್ಲಿ ಸುಲಭವಾಗಿ ಸಿಗುವ ಅನುಭವಸ್ಥರ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರಿಂದ ಶುರುವಾದದ್ದು ಇವತ್ತು ಕನ್ನಡದಲ್ಲೂ ನಡೆಯುತ್ತದೆ, ಶುಲ್ಕವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ‘ಕಾಕ್ರೇನ್’ ಸಂಸ್ಥೆಯ 2020ರ ಪರಿಶೀಲನೆ 27 ಅಧ್ಯಯನಗಳ 10,565 ಜನರನ್ನು ನೋಡಿ, ಕುಡಿತವನ್ನು ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಇದು ಉಳಿದ ಚಿಕಿತ್ಸೆಗಳಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂದಿತು. ಹೋಗುವವರು ಒಂದು ಮಾತು ನೆನಪಿಡಿ: ಅಲ್ಲಿ ಯಾರಾದರೂ ‘ಮನಸ್ಸಿನ ಮಾತ್ರೆಯೂ ಒಂದು ಚಟವೇ’ ಅಂದರೆ ಕೇಳಬೇಡಿ.

ಮಾತ್ರೆಯಿಂದ ತೂಕ, ಸಕ್ಕರೆ, ಬಿಪಿ ಏರಿದವರಿಗಾಗಿ ‘ಹಾರ್ಪ್’ ಅನ್ನುವ ಆರು ಭೇಟಿಗಳ ಗುಂಪು ಇದೆ, ಅದನ್ನೂ ಅನುಭವಸ್ಥರೇ ನಡೆಸುತ್ತಾರೆ. 2010ರಲ್ಲಿ ಪ್ರಕಟವಾದ 80 ಜನರ ಸಣ್ಣ ಅಧ್ಯಯನದಲ್ಲಿ ತಮ್ಮ ಮೈಯ ಆರೋಗ್ಯವನ್ನು ತಾವೇ ನೋಡಿಕೊಳ್ಳುವ ಹುಮ್ಮಸ್ಸು ಅದರಿಂದ ಹೆಚ್ಚಿತು.

ಎಲ್ಲವನ್ನೂ ಒಟ್ಟಿಗಿಟ್ಟರೆ

ಬಿಡಿ ಅಧ್ಯಯನ ಓದಿ ಹಿಗ್ಗುವ ಮುಂಚೆ ಒಟ್ಟು ಲೆಕ್ಕವನ್ನೂ ನೋಡಬೇಕು. 2014ರಲ್ಲಿ ಸಂಶೋಧಕ ಲಾಯ್ಡ್-ಇವಾನ್ಸ್ ಮತ್ತು ಜೊತೆಗಾರರು ಅನುಭವಸ್ಥರ ಬೆಂಬಲದ 18 ಪ್ರಯೋಗಗಳ 5,597 ಜನರನ್ನು ಒಟ್ಟುಗೂಡಿಸಿ ನೋಡಿದರು. ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ, ಲಕ್ಷಣಗಳು ಇಳಿಯುತ್ತವೆ ಅನ್ನುವುದಕ್ಕೆ ಅವರಿಗೆ ಹೆಚ್ಚು ಆಧಾರ ಸಿಗಲಿಲ್ಲ. ಭರವಸೆ, ಚೇತರಿಕೆ, ಸ್ವಂತ ಬಲದ ವಿಷಯದಲ್ಲಿ ಒಂದಿಷ್ಟು ಒಳಿತು ಕಂಡಿತು. ಅದಕ್ಕಿಂತ ಒಂದು ವರ್ಷ ಮೊದಲಿನ ಕಾಕ್ರೇನ್ ಪರಿಶೀಲನೆ 11 ಪ್ರಯೋಗಗಳ 2,796 ಜನರನ್ನು ನೋಡಿ, ಚಿಕಿತ್ಸಾ ತಂಡದೊಳಗೆ ಅನುಭವಸ್ಥರು ಮಾಡಿದ ಕೆಲಸದ ಫಲ ಅದೇ ಕೆಲಸ ಮಾಡಿದ ವೃತ್ತಿಪರರದ್ದಕ್ಕಿಂತ ಮೇಲೂ ಅಲ್ಲ, ಕೆಳಗೂ ಅಲ್ಲ ಎಂದಿತ್ತು.

ಅಂದರೆ, ‘ಇದಕ್ಕೆ ಸೇರಿದರೆ ಮತ್ತೆ ಅಡ್ಮಿಟ್ ಆಗುವುದಿಲ್ಲ’ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಲಂಡನ್ನಿನ ವರ್ಕ್‌ಬುಕ್ ಅಧ್ಯಯನ ಒಂದು ಒಳ್ಳೆಯ ಅಪವಾದ. ಮನೆಯವರು ಹೆಚ್ಚಾಗಿ ಕೇಳುವುದು ಅಡ್ಮಿಷನ್ನಿನ ಬಗ್ಗೆ, ಕಾಯಿಲೆಯವರು ಕೇಳುವುದು ಬೇರೆ. ‘ನಾನು ಮತ್ತೆ ನಾನಾಗುತ್ತೇನಾ?’ ಎರಡನೆಯ ಪ್ರಶ್ನೆಗೆ ಈ ದಾರಿಗಳ ಉತ್ತರ ಹೆಚ್ಚು ಗಟ್ಟಿಯಾಗಿದೆ.

ಹಾಗಾದರೆ ಯಾವುದು ಯಾರಿಗೆ

ಮನೆಗೆ ಬಂದು ತಿಂಗಳೂ ಆಗಿಲ್ಲ ಅಂದರೆ ಒಬ್ಬ ಅನುಭವಸ್ಥರು, ಒಂದು ಪುಸ್ತಕ. ಗುಂಪು ಬೇಡ. ಆರು ತಿಂಗಳು ನೆಟ್ಟಗಿದ್ದೀರಿ, ಆದರೆ ಎರಡು ವರ್ಷಕ್ಕೊಮ್ಮೆ ಮರುಕಳಿಸುತ್ತದೆ ಅಂದರೆ ರಾಪ್ ಮಾದರಿಯ ಗುಂಪು; ಮುನ್ಸೂಚನೆ ಹಿಡಿಯುವುದರಲ್ಲಿ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಕಾಯಿಲೆಯ ಹೆಸರು ಈಗಷ್ಟೇ ಗೊತ್ತಾಗಿದೆ, ತಲೆ ತುಂಬ ಪ್ರಶ್ನೆ ಇದೆ ಅಂದರೆ ಪಾಠ. ದನಿ ಕೇಳುವವರಿಗೆ ದನಿ ಕೇಳುವವರೇ.

ಮನೆಯವರ ವಿಷಯಕ್ಕೆ ಬಂದರೆ ನನಗೊಂದು ತಕರಾರಿದೆ. ಈ ಮಾದರಿಗಳೆಲ್ಲ ಹುಟ್ಟಿದ್ದು ಒಬ್ಬೊಬ್ಬರೇ ಬಾಡಿಗೆ ಮನೆಯಲ್ಲಿ ಬದುಕುವ ದೇಶಗಳಲ್ಲಿ. ನಮ್ಮಲ್ಲಿ ಮಾತ್ರೆ ಡಬ್ಬ ಅಮ್ಮನ ಕೈಯಲ್ಲಿರುತ್ತದೆ, ಡಾಕ್ಟರ ಬಳಿ ಅಣ್ಣ ಮಾತಾಡುತ್ತಾನೆ. ಆದ್ದರಿಂದ ಯೋಜನೆಯನ್ನು ಮನೆಯವರು ಓದಬೇಕು, ಅದರಲ್ಲಿ ಅವರ ಕೆಲಸವೂ ಬರೆದಿರಬೇಕು. ಪೆನ್ನು ಮಾತ್ರ ಕಾಯಿಲೆಯವರ ಕೈಯಲ್ಲೇ ಇರಲಿ. ಅಕ್ಷರ ಬಾರದಿದ್ದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ನಮ್ಮ ದೇಶದಲ್ಲಿ ಈ ಕೆಲಸ ನಡೆದಿಲ್ಲವೆಂದಲ್ಲ. ಗುಜರಾತಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಕ್ವಾಲಿಟಿ ರೈಟ್ಸ್’ ಕಾರ್ಯಕ್ರಮದಡಿ ಅನುಭವಸ್ಥ ಸ್ವಯಂಸೇವಕರು ಕೆಲಸ ಮಾಡಿದರು. ಜರ್ಮನಿ, ಉಗಾಂಡ, ತಾಂಜಾನಿಯಾ, ಇಸ್ರೇಲ್‌ಗಳ ಜೊತೆ ಸೇರಿ ಅನುಭವಸ್ಥರ ಬೆಂಬಲದ ಬಗ್ಗೆ ನಡೆದ ‘ಅಪ್‌ಸೈಡ್ಸ್’ ಸಂಶೋಧನೆಯಲ್ಲಿ ಪುಣೆಯ ತಂಡವೂ ಇತ್ತು. ಬೆಂಗಳೂರಿನ ‘ಆಮೆಂಡ್’ ಕಾಯಿಲೆಯವರ ಕುಟುಂಬದವರು ಕಟ್ಟಿಕೊಂಡ ಸಂಘ. ನೋಡಿಕೊಳ್ಳುವವರಿಗೂ ಅನುಭವಸ್ಥರು ಬೇಕಲ್ಲವೇ? ಇದು ಎಷ್ಟು ಸಾಲದು ಅನ್ನುವುದಕ್ಕೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯೇ ಸಾಕ್ಷಿ. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಗುಂಪು ಹುಡುಕುವವರು ನಿಮ್ಮ ಡಾಕ್ಟರನ್ನು, ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ನೇರವಾಗಿ ಕೇಳಿ. ‘ನನ್ನಂಥದ್ದೇ ಕಾಯಿಲೆ ಇದ್ದು ಈಗ ಚೆನ್ನಾಗಿರುವ ಒಬ್ಬರ ಜೊತೆ ಮಾತಾಡಬೇಕು’ ಅಂತ ಹೇಳಿ. ನಾನು ಹಾಗೇ ಕೇಳಿದ್ದು.

ಸೇರುವ ಮುಂಚೆ ವಿಚಾರಿಸಬೇಕಾದವೂ ಇವೆ. ನಡೆಸುವವರಿಗೆ ತರಬೇತಿ ಆಗಿದೆಯಾ? ತಾವೇ ಹದ ತಪ್ಪಿದಾಗ ಅವರ ಜಾಗಕ್ಕೆ ಯಾರು ಬರುತ್ತಾರೆ? ಒಳಗಿನ ಮಾತು ಹೊರಗೆ ಹೋಗದಂತೆ ಏನು ಕಟ್ಟುಪಾಡು ಇದೆ? ಚಿಕ್ಕ ಊರಿನಲ್ಲಿ ಇದು ಮದುವೆ ಸಂಬಂಧ ಮುರಿಯುವಷ್ಟು ದೊಡ್ಡ ವಿಷಯ. ಯಾರಾದರೂ ಸಾಯುವ ಮಾತಾಡಿದರೆ ಅವರು ಏನು ಮಾಡುತ್ತಾರೆ? ಈ ಪ್ರಶ್ನೆಗೆ ತಡವರಿಸಿದರೆ ಅಲ್ಲಿ ಕೂರಬೇಡಿ. ಮಾತ್ರೆ ಬಿಡಿ ಅನ್ನುವ ಕಡೆ ಒಂದು ದಿನವೂ ಕೂರಬೇಡಿ. ಗುಂಪು ಇಲ್ಲದ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಬಿಕ್ಕಟ್ಟಿನ ಪುಟಕ್ಕೆ ಕಾನೂನಿನ ಬಲ

ಅಮೆರಿಕದವರ ರಾಪ್‌ನಲ್ಲಿರುವ ಬಿಕ್ಕಟ್ಟಿನ ಪುಟ ನಮ್ಮಲ್ಲಿ ಬರೀ ಪುಟವಾಗಿ ಉಳಿಯಬೇಕಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 5ನೇ ಕಲಮಿನ ಪ್ರಕಾರ ವಯಸ್ಕರು ಯಾರೇ ಆಗಲಿ ‘ಮುಂಗಡ ನಿರ್ದೇಶನ’ ಬರೆದಿಡಬಹುದು. ಮುಂದೆ ನಾನು ತೀರ್ಮಾನ ಮಾಡಲಾಗದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಈಗಲೇ ಹೇಳಿಡುವುದು. 14ನೇ ಕಲಮಿನಂತೆ ನನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ನಾನೇ ನೇಮಿಸಬಹುದು. ಅದಕ್ಕೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು, ಪ್ರತಿನಿಧಿಯ ಒಪ್ಪಿಗೆಯೂ ಬರಹದಲ್ಲಿರಬೇಕು. ನಿರ್ದೇಶನವನ್ನು ನಿಯಮದಲ್ಲಿ ಹೇಳಿದ ರೀತಿಯಲ್ಲೇ ಮಾಡಬೇಕು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ.

ರಾಪ್ ಗುಂಪಿಗೆ ಹೋದವರು ಮುಂಗಡ ನಿರ್ದೇಶನ ಬರೆಯುವುದು ಸುಲಭ, ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ನಾನು ಪ್ರತಿನಿಧಿಯಾಗಿ ಬರೆದದ್ದು ತಂಗಿಯ ಹೆಸರನ್ನು. ನಮ್ಮ ಮನೆಯವರಿಗೆ ಬೇಜಾರಾಗುತ್ತದೇನೋ ಅಂತ ಹೆದರಿದ್ದೆ. ಅವರೇ “ಆ ಹೊತ್ತಿಗೆ ನಾನು ಮಗಳನ್ನ ನೋಡ್ಕೋಬೇಕು, ಅವಳೇ ಸರಿ” ಅಂದರು. ಒಂದು ಭಾನುವಾರ ತಂಗಿಯನ್ನು ಕರೆಸಿ ಪುಸ್ತಕ ಪೂರ್ತಿ ಅವಳ ಮುಂದಿಟ್ಟೆ. ಸಹಿ ಹಾಕುವ ಮುಂಚೆ ಎರಡು ಸಲ ಓದಿದಳು. ಡಬ್ಬದ ಸಾಲಿಗೆ ಬಂದಾಗ ಬೆರಳಿಟ್ಟು ನಿಂತಳು.

“ಮೂರಲ್ಲ ಅಕ್ಕಾ, ಎರಡು ಅಂತ ಹಾಕು,” ಅಂದಳು.

ತಿದ್ದಿದೆ.